ಸೆರಗಿಲ್ಲದ ಗೌನು

ಫೆಬ್ರವರಿ ೯, ಭಾನುವಾರ

ಇವತ್ತು ಮೊಮ್ಮಗಳು ನಿಸರ್ಗಳ ಸಂಬಂಧ ಗಟ್ಟಿಯಾಯಿತು. ತಿಪಟೂರಿನ ಕೊಬ್ಬರಿ ವ್ಯಾಪಾರದ ಮನೆ. ಹುಡುಗ ಭುವನ್. ನಾನು ಕೋಣೆ ಬಾಗಿಲ ಸಂದಿಯಿಂದಲೇ ನೋಡಿದ್ದು, ಪರವಾಗಿಲ್ಲ. ಕುಡಿದ ಕಾಫಿ ಲೋಟವನ್ನು ತಾನೇ ಒಳಗೆ ತಂದಿಟ್ಟ, ಅದಕ್ಕೆ ನಾನು ಒಪ್ಪಿದ್ದು. ಬರುವ ತಿಂಗಳು ಒಂಬತ್ತಕ್ಕೆ ತಿಪಟೂರಿನ ಕಲ್ಯಾಣ ಮಂಟಪದಲ್ಲಿ ನಿಶ್ಚಿತಾರ್ಥ.

ಅವರ ಕಾರು ದಂಡಿನಶಿವರ ದಾಟಿತೋ ಇಲ್ಲವೋ, ಮಗ ಜ್ಞಾನೇಶ ಶುರುಮಾಡಿದ.

“ಅವ್ವ, ಅವತ್ತೊಂದಿನ ಸೀರೆ ಉಡು. ಕೈ ಮುಗೀತೀನಿ.”

“ಯಾಕ್ಲಾ, ನನ್ ಗೌನಿಗೇನಾಗೈತೆ?”

“ಜನ ನಗ್ತಾರೆ.”

“ನಗಲಿ ಬುಡು. ನಿನ್ ಗಂಟೇನ್ ಹೋಯ್ತದೆ?”

“ಗೌನು ಹಾಕ್ಕಂಡ್ರೆ ಕಾರಿಗೆ ಹತ್ತಿಸ್ಕಳಲ್ಲ ಕಣವ್ವ. ಅಜ್ಜಿಗೆ ಉಷಾರಿಲ್ಲ ಅಂತ ಹೇಳ್ಬುಡ್ತೀನಿ. ಸೌಮ್ಯ, ನೀನಾದ್ರೂ ಹೇಳೇ.”

ಅವನ ಹೆಂಡತಿ ಉಳಿದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಜ್ಞಾನೇಶನನ್ನು ಗೇಟಿನ ತನಕ ಅಟ್ಟಿಸಿಕೊಂಡು ಹೋಗಿ ಬಯ್ದೆ. ಇಡೀ ಬೀದಿಗೆ ಕೇಳಿಸಿತು. ಉಷಾರಿಲ್ಲದವಳ ಗಂಟಲು ಅಷ್ಟು ದೂರ ಹೋಗುತ್ತದೆಯೇ?

ಈ ಊರಿನ ಹೆಂಗಸರು ನೈಟಿ ತೊಟ್ಟು, ಮೇಲೊಂದು ಟವಲು ಎಸೆದುಕೊಂಡು ಅಂಗಡಿ, ಬ್ಯಾಂಕು, ಸೊಸೈಟಿ ಎಲ್ಲ ಸುತ್ತುತ್ತಾರೆ. ಯಾರೂ ಕೇಳುವುದಿಲ್ಲ. ನಾನು ಕಾಲರು ಕೂರಿಸಿ, ಎದೆಗೆ ಗುಂಡಿ ಸಾಲು ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿದು, ಕಣಕಾಲಿನ ತನಕ ನೆರಿಗೆ ಇಳಿಬಿಟ್ಟು ಹಳೇ ಕಾಲದ ಗೌನು ಹೊಲಿದು ಹಾಕಿಕೊಂಡರೆ ಮಾತ್ರ ಎಲ್ಲರಿಗೂ ಮರ್ಯಾದೆ ನೆನಪಾಗುತ್ತದೆ. ಕೆಲವರು ಇದನ್ನೂ ನೈಟಿ ಅನ್ನುತ್ತಾರೆ. ಹಾಗೆ ಅಂದವರ ಜೊತೆ ಮಾತು ಬಿಟ್ಟಿದ್ದೇನೆ.

ಬಾಯಿಗೆ ಬಂದದ್ದನ್ನು ಎಲ್ಲರಿಗೂ ಅಂದುಬಿಡುವ ಬದಲು ಬರಿ ಅಜ್ಜಿ ಎಂದಳು ನಿಸರ್ಗ. ಬರೆಯುತ್ತಿದ್ದೇನೆ. ಐದನೇ ಕ್ಲಾಸಿನ ಅಕ್ಷರ, ನಾನೇ ಓದಿಕೊಂಡರೆ ಸಾಕು.

ಇದರ ನಡುವೆ ಸೊಸೆಯದು ಬೇರೆ. ಹಾಲಿನ ಡೈರಿಯಲ್ಲಿ ಕೆಲಸ ಅವಳಿಗೆ. ಸ್ಕೂಟರಿನಲ್ಲಿ ಹೋಗಿ ಬರಲು ಚೂಡಿದಾರ ಹಾಕಿಕೊಳ್ಳಲಾ ಅತ್ತೆ ಎಂದು ಕೇಳಿದಳು. ಅದೂ ಇವತ್ತೇ. ಮಗಳ ಮದುವೆ ಮಾಡುವ ವಯಸ್ಸು. ಮನೆ ಸೊಸೆ ಅಂದರೆ ಸೀರೆ, ಅಷ್ಟೇ ಎಂದೆ. ಮುಖ ಊದಿಸಿಕೊಂಡು ಒಳಗೆ ಹೋದಳು. ಊದಿಸಿಕೊಳ್ಳಲಿ.

ಫೆಬ್ರವರಿ ೧೨, ಬುಧವಾರ

ನಿಸರ್ಗಳನ್ನು ಕರೆದುಕೊಂಡು ತಿಪಟೂರಿಗೆ ಹೋಗಿ ಬಟ್ಟೆ ತಂದೆ. ಕೆನೆ ಬಣ್ಣದ ಹತ್ತಿ ಬಟ್ಟೆ. ಅಂಗಡಿಯವನು ಅಷ್ಟುದ್ದ ಅಳೆಯುತ್ತಾ “ಕಿಟಕಿ ಪರದೆಗಾ ಅಜ್ಜಿ?” ಎಂದ.

“ಕಿಟಕಿ ನನ್ನಷ್ಟು ದಪ್ಪ ಇರ್ತದೇನಪ್ಪ? ನನಗೇ.”

ನಿಸರ್ಗ ನಕ್ಕು ನಕ್ಕು ಕೌಂಟರಿಗೆ ಒರಗಿದಳು. ಆಮೇಲೆ ದಾರಿಯಲ್ಲಿ ಮೆತ್ತಗೆ, “ಅಜ್ಜಿ, ಅವತ್ತು ಮಡಿಲಕ್ಕಿಗೆ ನೀನೇ ನಿಂತ್ಕಬೇಕು, ಆಯ್ತಾ? ಬೇರೆಯವ್ರು ಬ್ಯಾಡ” ಎಂದಳು. ನಾನಲ್ಲದೆ ಇನ್ಯಾರು ನಿಲ್ಲುತ್ತಾರೆ?

ರೈಲ್ವೆ ಸ್ಟೇಷನ್ನಿನ ಪಕ್ಕ ಬಸ್ಸಿಗೆ ಕಾಯುವಾಗ ಅವಳಿಗೆ ಆ ಜಾಗ ತೋರಿಸಿದೆ. ಅಪ್ಪ ಗಾಡಿಯಲ್ಲಿ ಕೊಬ್ಬರಿ ಹೇರಿಕೊಂಡು ಬಂದಾಗ ನನ್ನನ್ನೂ ಕರೆತರುತ್ತಿದ್ದ. ಆಗ ಅಲ್ಲಿ ರೈಲ್ವೆಯವರ ಮನೆಗಳಿದ್ದವು. ಒಬ್ಬ ಹೆಂಗಸು ನೀಲಿ ಗೌನು ತೊಟ್ಟು ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಅವಳು ತಿರುಗಿದರೆ ಬಟ್ಟೆ ಒಂದು ಗಳಿಗೆ ತಡೆದು ಆಮೇಲೆ ತಿರುಗುತ್ತಿತ್ತು. ಅಪ್ಪ ಕೂಗಿ ಕೂಗಿ ಸಾಕಾಗಿ ಬಂದು ಕಿವಿ ಹಿಡಿದ. ಮರುವರ್ಷ ಶಾಲೆ ಬಿಡಿಸಿದರು. ಮದುವೆಗೆ ಹೊಲಿಗೆ ಮಿಷನ್ನು ಕೊಟ್ಟರು. ಊರ ರವಿಕೆಗಳನ್ನೆಲ್ಲ ಹೊಲಿದು ಕಣ್ಣು ಸಣ್ಣ ಮಾಡಿಕೊಂಡೆ. ಈಗೆರಡು ವರ್ಷದಿಂದ ನನಗೆ ಹೊಲಿದುಕೊಳ್ಳುತ್ತಿದ್ದೇನೆ. ನಿಸರ್ಗ ಫೋನಿನಲ್ಲಿ ಹಳೇ ಚಿತ್ರ ಹುಡುಕಿ ದೊಡ್ಡದು ಮಾಡಿ ತೋರಿಸುತ್ತಾಳೆ, ನಾನು ಪೇಪರಿನ ಮೇಲೆ ಕತ್ತರಿಸಿಕೊಳ್ಳುತ್ತೇನೆ.

ಬಟ್ಟೆಯನ್ನು ನೀರಿಗೆ ಹಾಕಿ ಎರಡು ತೆಂಗಿನ ಮರದ ನಡುವೆ ಹರವಿದೆ. ಮೊದಲು ಕುಗ್ಗಿಸದೆ ಕತ್ತರಿ ಹಾಕಬಾರದು. ನನ್ನ ಯಜಮಾನರು ರೇವಣಸಿದ್ದಯ್ಯ ತೋಟದಿಂದ ಬಂದವರು ನಿಂತು ನೋಡಿದರು.

“ಯಾರ ಪಂಚೆಯೇ ಇಷ್ಟುದ್ದ?”

“ಗೌನು.”

“ಓ” ಎಂದು ಕೈಕಾಲು ತೊಳೆಯಲು ಹೋದರು. ಈ ಮನೆಯಲ್ಲಿ ಬುದ್ಧಿ ಇರುವುದು ಅವರೊಬ್ಬರಿಗೆ.

ಫೆಬ್ರವರಿ ೧೭, ಸೋಮವಾರ

ಮೈದುನ ಗಂಗಾಧರಯ್ಯ ಬಂದಿದ್ದ. ಪಕ್ಕದ ಬೀದಿಯಲ್ಲಿ ಮನೆ. ಯಾರ ಮನೆಯ ಶುಭಕಾರ್ಯವಾದರೂ ಅವನದೇ ಯಜಮಾನಿಕೆ. ಇಸ್ತ್ರಿ ಮುರಿಯದಂತೆ ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಹೀರಿದ.

“ಅತ್ತಿಗೆ, ಒಂದ್ ಮಾತು. ಗಂಡಿನ ಕಡೆ ಹಿರೇ ಹೆಂಗ್ಸು ನಿಮಗೆ ಮಡಿಲಕ್ಕಿ ಹಾಕ್ಬೇಕು. ಎಲ್ಲಿಗೆ ಹಾಕ್ತಾರೆ? ಗೌನಿಗೆ ಸೆರಗೈತಾ?”

ನಮ್ಮಲ್ಲಿ ಹಾಗೆ. ಎರಡೂ ಕಡೆಯ ಹಿರಿಯ ಹೆಂಗಸರು ಎದುರುಬದುರು ನಿಂತು, ಒಬ್ಬರು ಸೆರಗೊಡ್ಡುತ್ತಾರೆ, ಇನ್ನೊಬ್ಬರು ಅಕ್ಕಿ, ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಬೆಲ್ಲ ಹಾಕುತ್ತಾರೆ. ಅದಾದ ಮೇಲೇ ಸಂಬಂಧ ನಿಂತ ಹಾಗೆ.

“ಅದನ್ ನಾನ್ ನೋಡ್ಕತೀನಿ” ಎಂದೆ.

“ನೋಡ್ಕಳೋ ವಿಷಯ ಅಲ್ಲ ಕಣ್ರೀ ಇದು. ತಿಪಟೂರಿನ ದೊಡ್ ಮನೆ. ನಿಮ್ಗೆ ಆ ಬಟ್ಟೇನೇ ಬೇಕು ಅಂದ್ರೆ ಬುಡಿ, ನಿಮ್ ಜಾಗದಲ್ಲಿ ನಮ್ಮೋಳು ನಿಂತ್ಕತಾಳೆ. ಅವಳೂ ಅಜ್ಜಿನೇ ಅಲ್ವಾ?”

ಹೀಗೋ ಸಮಾಚಾರ. ನಾನು ಹೆತ್ತ ಮಗನ ಮಗಳು. ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಮೂರು ತಿಂಗಳು ಎಣ್ಣೆ ಉಜ್ಜಿದ ಕೈ ಇದು. ಅವಳ ನಿಶ್ಚಿತಾರ್ಥದಲ್ಲಿ ಗಂಗಾಧರಯ್ಯನ ಹೆಂಡತಿ ಸೆರಗೊಡ್ಡುವುದು, ನಾನು ಮನೆಯಲ್ಲಿ ಉಷಾರಿಲ್ಲದೆ ಬಿದ್ದುಕೊಂಡಿರುವುದು.

ಕೈಯಲ್ಲಿದ್ದ ಕಾಫಿ ಲೋಟ ಕಿತ್ತುಕೊಂಡೆ. ಇನ್ನೂ ಅರ್ಧ ಉಳಿದಿತ್ತು.

ಫೆಬ್ರವರಿ ೧೮

ಗೌನಿಗೆ ಸೆರಗಿಲ್ಲ ಅನ್ನುವುದು ನಿಜ. ಅದಕ್ಕೇ ಕೋಪ ಇನ್ನೂ ಇಳಿದಿಲ್ಲ.

ಫೆಬ್ರವರಿ ೨೪, ಸೋಮವಾರ

ಮೈಭಾಗ ಆಯಿತು, ತೋಳು ಆಯಿತು. ಬುಗ್ಗೆ ತೋಳು, ಮೊಣಕೈಗೆ ಬಂದು ಹಿಡಿಯಬೇಕು. ನೆರಿಗೆ ಕೂರಿಸುವಷ್ಟರಲ್ಲಿ ಬೆರಳಿನ ತುದಿಯೆಲ್ಲ ಸೂಜಿ ಗುರುತು. ಹಳೇ ಟ್ರಂಕಿನಲ್ಲಿ ಒಂದು ಉಂಡೆ ಒಳ್ಳೆ ನೂಲು ಇತ್ತು, ಸೊಂಟಕ್ಕೆ ಅದನ್ನೇ ಹಾಕಿದೆ.

ಬೆನ್ನಿನ ಅಳತೆ ಮಾತ್ರ ತಾನೇ ತೆಗೆದುಕೊಳ್ಳಲು ಆಗುವುದಿಲ್ಲ. ನಿಸರ್ಗ ಕಾಲೇಜಿಗೆ ಹೋಗಿದ್ದಳು. ಬೇರೆ ದಾರಿ ಕಾಣದೆ ಸೊಸೆಯನ್ನು ಕರೆದೆ. ಪಿನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದೆ ನಿಂತಳು.

“ಏನ್ ನೋಡ್ತಿದ್ದೀಯೇ?”

“ಬೆನ್ನು ಬಗ್ಗೈತೆ ಅತ್ತೆ ನಿಮ್ದು. ಮುಂದಷ್ಟೇ ಉದ್ದ ಹಿಂದೂ ಬುಟ್ರೆ ಮೇಲಕ್ಕೆ ಏರ್ತದೆ. ಹಿಂದೆ ಎರಡು ಬೆರಳು ಜಾಸ್ತಿ ಬುಡಣ.”

“ನನ್ ಬೆನ್ನು ಎಲ್ಲಿ ಬಗ್ಗೈತೆ?”

“ನಿಮಗೆ ಕಾಣಲ್ಲ ಅದು.”

ಬೈಯಬೇಕೆಂದು ತಿರುಗಿದೆ, ಪಿನ್ನು ಚುಚ್ಚಿತು. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಅಂಚು ಸುತ್ತಲೂ ಒಂದೇ ಮಟ್ಟಕ್ಕೆ ಇತ್ತು. ಕೈ ಚೆನ್ನಾಗಿದೆ. ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾಳೆ.

ಫೆಬ್ರವರಿ ೨೭, ಗುರುವಾರ

ಇವತ್ತಿನದನ್ನು ಬರೆಯಲೂ ಮನಸ್ಸಿಲ್ಲ. ಆದರೂ ತಪ್ಪು ಗಂಗಾಧರಯ್ಯನದೇ ಎಂದು ಎಲ್ಲಾದರೂ ಒಂದು ಕಡೆ ಇರಲಿ.

ಗೌನು ಮುಗಿದಿತ್ತು. ಹಾಕಿಕೊಂಡು ಹೇಗೆ ಬೀಳುತ್ತದೆ ನೋಡೋಣ ಎಂದು ಅಂಗಳದಲ್ಲಿ ಓಡಾಡುತ್ತಿದ್ದೆ. ಕೆನೆ ಬಣ್ಣ, ಬಿಸಿಲಿಗೆ ಹಿತವಾಗಿ ಹೊಳೆಯುತ್ತಿತ್ತು. ಅಷ್ಟರಲ್ಲಿ ಇವನು ಇನ್ನಿಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ, ಅಣ್ಣನಿಗೆ ಬುದ್ಧಿ ಹೇಳಿಸಲು. ಅವರು ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು. ಯಜಮಾನರು ಎಳನೀರು ಕೊಡೋಣ ಎಂದು ಮಚ್ಚು ತೆಗೆದುಕೊಂಡರು.

ಗಂಗಾಧರಯ್ಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು. “ಅಣ್ಣ, ಮನೆ ಹೆಂಗಸ್ರು ಕೈಲಿ ಮಾಡ್ಸೋದಲ್ವಾ? ಓ, ಮರ್ತಿದ್ದೆ. ಆ ಬಟ್ಟೇಲಿ ಒಂದ್ ಎಳನೀರು ಕೊಚ್ಚೋಕಾಯ್ತದಾ?” ಎಂದ.

ಯಜಮಾನರ ಕೈಯಿಂದ ಮಚ್ಚು ಕಿತ್ತುಕೊಂಡೆ. ಒಂದಾದ ಮೇಲೊಂದು, ಅಲ್ಲಿದ್ದ ಅಷ್ಟೂ ಕೊಚ್ಚಿದೆ. ಅಷ್ಟು ಚೊಕ್ಕವಾಗಿ ಅವರಪ್ಪನೂ ಕೊಚ್ಚಿರಲಿಕ್ಕಿಲ್ಲ. ಆ ಇಬ್ಬರು ಬಾಯಿ ತೆರೆದು ನೋಡಿದರು. ಕೊನೆಯ ಬುರುಡೆಯನ್ನು ಗಂಗಾಧರಯ್ಯನ ಕೈಗೆ ಕುಕ್ಕಿ, “ಕುಡೀಯಪ್ಪ” ಎಂದೆ. ಗೆದ್ದೆ ಅಂದುಕೊಂಡೆ.

ನಮ್ಮ ಕಡೆ ಇನ್ನೂ ಹಲ್ಲು ಬಾರದ ಕೂಸಿಗೂ ಗೊತ್ತು, ಬಿಳಿ ಬಟ್ಟೆಯಲ್ಲಿ ಎಳನೀರಿನ ಹತ್ತಿರ ಹೋಗಬಾರದೆಂದು. ಬುರುಡೆಯ ರಸ ಸಿಡಿದಾಗ ನೀರಿನಂತೆ ಕಾಣುತ್ತದೆ. ಒಂದು ಗಳಿಗೆಯಾದ ಮೇಲೆ ಕಂದು ಕರೆಯಾಗಿ ಏಳುತ್ತದೆ. ಬಟ್ಟೆ ಹರಿದರೂ ಅದು ಹೋಗುವುದಿಲ್ಲ.

ಎದೆ, ತೋಳು, ಮುಂದಿನ ನೆರಿಗೆ, ಎಲ್ಲ ಕಡೆ ಎದ್ದಿತು.

ಫೆಬ್ರವರಿ ೨೮

ಸೋಪು, ನಿಂಬೆಹಣ್ಣು, ಸೀಮೆಎಣ್ಣೆ. ಹೋಗಲಿಲ್ಲ.

ಜ್ಞಾನೇಶನ ಮುಖದಲ್ಲಿ ನಗು ಕಂಡೆ. ನೋಡುತ್ತೇನೆ ಅವನನ್ನು.

ಮಾರ್ಚ್ ೨, ಭಾನುವಾರ

ನಿನ್ನೆ ಸೌಮ್ಯ ಡೈರಿಯಿಂದ ಬಂದವಳೇ ಗೌನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ತವರು ಚಿಕ್ಕನಾಯಕನಹಳ್ಳಿ ಕಡೆ.

“ನಮ್ಮೂರಲ್ಲಿ ಕರೆ ಬಿದ್ದ ಪಂಚೇನ ಎಸೀತಿರಲಿಲ್ಲ ಅತ್ತೆ. ಬುರುಡೆ ಬೇಯ್ಸಿ ಇಡೀ ಪಂಚೇನೇ ಅದ್ದೋರು.”

“ಕರೆಗೆ ಕರೇನೇ ಹಚ್ಚದಾ?”

“ಒಂದ್ ಕಡೆ ಇದ್ರೆ ತಾನೇ ಜನ ಬೊಟ್ಟು ಮಾಡೋದು?”

ಹುಡುಗಿಗೆ ತಲೆ ಇದೆ. ಇಷ್ಟು ವರ್ಷ ಎಲ್ಲಿಟ್ಟಿದ್ದಳೋ.

ಇವತ್ತು ಬೆಳಿಗ್ಗೆಯೇ ಸ್ಕೂಟರಿನಲ್ಲಿ ಕಿಬ್ಬನಹಳ್ಳಿಗೆ ಹೋಗಿ, ರಸ್ತೆ ಬದಿಯ ಎಳನೀರು ಅಂಗಡಿಗಳ ಮುಂದೆ ಬಿದ್ದಿದ್ದ ಹಸಿ ಬುರುಡೆಗಳನ್ನು ಎರಡು ಚೀಲ ತುಂಬಿ ತಂದಳು. ಒಂದು ಕಾಲ ಹತ್ತಿರ, ಒಂದು ಹಿಂದೆ. ಸೀರೆ ಉಟ್ಟು ಆ ಭಾರ ತರಲಾಗುತ್ತದೆಯೇ? ಚೂಡಿದಾರ ಹಾಕಿದ್ದಳು. ಎಲ್ಲಿ ತಂದಳೋ ಏನೋ, ಅಂಗಡಿ ಹೊಲಿಗೆ, ಹೆಗಲು ಇಳಿಬಿದ್ದಿದೆ. ಬಿಚ್ಚಿಕೊಡು, ಸರಿಮಾಡುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ಒಂದು ಥರ ನೋಡಿದಳು. ಹೊಲಿಗೆ ಕೆಟ್ಟದ್ದನ್ನು ಕೆಟ್ಟದ್ದು ಅನ್ನದೆ ಏನನ್ನಬೇಕು?

ಹಿತ್ತಲಲ್ಲಿ ನೀರೊಲೆ ಹಂಡೆಗೆ ಬುರುಡೆ ಕೊಚ್ಚಿ ಹಾಕಿ ಬೇಯಿಸಿದೆವು. ತುಕ್ಕು ಹಿಡಿದ ಹಳೇ ಮಚ್ಚೊಂದನ್ನು ಒಳಗೆ ಬಿಟ್ಟಳು, ಬಣ್ಣ ಗಟ್ಟಿಯಾಗುತ್ತದಂತೆ. ಗೌನು ಅದರೊಳಗೆ ಅದ್ದಿ ಮಧ್ಯಾಹ್ನದವರೆಗೆ ಇಬ್ಬರೂ ಕೋಲು ಹಿಡಿದು ತಿರುವಿದೆವು. ಹೊಗೆಗೆ ಕಣ್ಣಲ್ಲಿ ನೀರು. ಅವಳಪ್ಪ ಕುಡಿದು ಬಂದು ಗುಡಿ ಕಟ್ಟೆ ಮೇಲೆ ಮಲಗಿದ್ದು, ಅವಳಮ್ಮ ಅವನನ್ನು ಕೈಗಾಡಿಯಲ್ಲಿ ಹಾಕಿಕೊಂಡು ತಂದಿದ್ದು, ಏನೇನೋ ಹೇಳಿದಳು. ಇಬ್ಬರೂ ನಕ್ಕೆವು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅವಳಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನೆರಳಿನಲ್ಲಿ ಒಣಗಿದ ಮೇಲೆ ನೋಡಿದರೆ, ಹುರಿದ ಕಾಫಿ ಬೀಜದ ಬಣ್ಣ. ಕರೆ ಎಲ್ಲಿತ್ತು ಎಂದು ನನಗೇ ಸಿಗಲಿಲ್ಲ. ಕೆನೆ ಬಣ್ಣಕ್ಕಿಂತ ಇದೇ ಚೆನ್ನ.

“ಮಡಿಲಕ್ಕಿಗೆ ಏನ್ ಮಾಡ್ತೀರಿ ಅತ್ತೆ?” ಎಂದಳು.

“ಅವತ್ತು ನೋಡ್ಕಳಣ ಬುಡು.”

ಮಾರ್ಚ್ ೫, ಬುಧವಾರ

ನಿಸರ್ಗ ಅತ್ತುಕೊಂಡು ಬಂದಳು. ಭುವನ್ ಫೋನು ಮಾಡಿದ್ದನಂತೆ. ಹುಡುಗಿಯ ಅಜ್ಜಿಗೆ ತಲೆ ಸರಿಯಿಲ್ಲ, ಮನೆಯಲ್ಲೇ ಇಟ್ಟುಕೊಂಡಿದ್ದಾರೆ ಎಂದು ಅವನ ಅಜ್ಜಿ ಗುರುಶಾಂತಮ್ಮನ ಕಿವಿಗೆ ಯಾರೋ ಹಾಕಿದ್ದಾರೆ. ಇದು ವಂಶದಲ್ಲಿ ಬರುವಂಥದ್ದೋ ಎಂದು ಆಯಮ್ಮ ವಿಚಾರಿಸಿದಳಂತೆ.

ಜ್ಞಾನೇಶ ಈ ಸಲ ಕೂಗಲಿಲ್ಲ. ಗೋಡೆಗೆ ಒರಗಿ ಕೂತ. “ಅವ್ವ, ಸಂಬಂಧ ಮುರಿದ್ರೆ ನಿಂಗೆ ಸಂತೋಷವಾ?” ಎಂದ.

ಬೀರುವಿನಿಂದ ರೇಷ್ಮೆ ಸೀರೆ ತೆಗೆದು ಮಂಚದ ಮೇಲಿಟ್ಟೆ. ಅದರ ಪಕ್ಕ ಕೂತೆ.

ಆಮೇಲೆ ಯೋಚನೆ ಬಂತು. ಅವತ್ತೊಂದು ದಿನ ಸೀರೆ ಉಟ್ಟು ನಿಂತೆ ಅನ್ನೋಣ. ಮದುವೆಯಾದ ಮೇಲೆ ಆ ಹುಡುಗ ಇಲ್ಲಿಗೆ ಬರುವುದಿಲ್ಲವೇ? ನಾನು ಗೌನು ತೊಟ್ಟು ಕಾಯಿ ಆಯುವುದನ್ನು ನೋಡುವುದಿಲ್ಲವೇ? ಹುಚ್ಚಿಯನ್ನು ಸೀರೆಯಲ್ಲಿ ಸುತ್ತಿ ಮೋಸ ಮಾಡಿದರು ಅನ್ನುತ್ತಾರೆ. ಆ ಮಾತು ಕೇಳಬೇಕಾದವಳು ನಿಸರ್ಗ. ನೋಡುವುದಿದ್ದರೆ ಈಗಲೇ ನೋಡಲಿ. ಬೇಡವಾದರೆ ಈಗಲೇ ಎದ್ದು ಹೋಗಲಿ.

ನಿಸರ್ಗಳನ್ನು ಕರೆದು ಇದನ್ನೇ ಹೇಳಿದೆ. ನೀನು ಬೇಡ ಅಂದರೆ ಹಾಕುವುದಿಲ್ಲ, ನಿನ್ನೊಬ್ಬಳ ಮಾತು ಕೇಳುತ್ತೇನೆ ಎಂದೆ. ಅವಳು ಮೂಗು ಒರೆಸಿಕೊಂಡು, “ಸೀರೆ ಒಳಗಿಡಜ್ಜಿ” ಎಂದಳು.

ಮಾರ್ಚ್ ೯, ಭಾನುವಾರ

ಕೈ ನೋಯುತ್ತಿದೆ, ಆದರೂ ಇವತ್ತೇ ಬರೆಯಬೇಕು.

ಜ್ಞಾನೇಶ ಹೇಳಿದಂತೆಯೇ ಮಾಡಿದ, ಕಾರಿಗೆ ಹತ್ತಿಸಲಿಲ್ಲ. ನಾನು ಅವರಿಗಿಂತ ಮೊದಲೇ ಹೊರಟು ಬಸ್ ಸ್ಟಾಪಿನಲ್ಲಿ ನಿಂತೆ. ತಿರುಗಿ ನೋಡಿದರೆ ಯಜಮಾನರು ಹಿಂದೆ ಬರುತ್ತಿದ್ದಾರೆ, ಜರಿ ಪಂಚೆ, ಕೊಡೆ.

“ನೀವ್ಯಾಕೆ? ಕಾರಲ್ಲಿ ಬನ್ನಿ.”

“ಕಾರಲ್ಲಿ ಗಾಳಿ ಬರಲ್ಲ ಕಣೇ” ಎಂದರು.

ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ, ನನ್ನನ್ನು ನೋಡಿ, “ಇದ್ರಲ್ಲಿ ಸೀರೆ ಐತಲ್ಲಜ್ಜಿ?” ಎಂದ.

“ಮುಖ ನೋಡಿ ಫ್ರೀ ಟಿಕೆಟ್ ಕೊಡು ಕಣ್ಲಾ. ಬಟ್ಟೆ ನೋಡ್ಕಂಡು ಸರ್ಕಾರ ಕೊಟ್ಟೈತೇನ್ಲಾ?”

ಬಸ್ಸೆಲ್ಲ ನಕ್ಕಿತು. ನನ್ನ ಪರವಾಗಿಯೇ ನಕ್ಕಿತು ಎಂದುಕೊಂಡೆ.

ಮಂಟಪಕ್ಕೆ ಕಾಲಿಟ್ಟಾಗ ಎಲ್ಲರ ಕತ್ತೂ ನನ್ನ ಕಡೆ ತಿರುಗಿತು. ನಾನು ನೆರಿಗೆ ಕೊಡವಿಕೊಂಡು ಸೀದಾ ಮುಂದೆ ಹೋಗಿ ಕೂತೆ. ಗಂಗಾಧರಯ್ಯನ ಹೆಂಡತಿ ಕಂಚಿ ಸೀರೆ ಉಟ್ಟು ವೇದಿಕೆಯ ಪಕ್ಕದಲ್ಲೇ ತಯಾರಾಗಿದ್ದಳು. ಮಡಿಲಕ್ಕಿಗೆ ಕರೆದಾಗ ಅವಳೂ ಎದ್ದಳು, ನಾನೂ ಎದ್ದೆ. ಅವಳು ಸೆರಗು ಬಿಡಿಸಿ ಹಿಡಿದಳು. ನಾನು ಅವಳ ಮುಂದೆ ಹೋಗಿ ನಿಂತೆ.

ಗುರುಶಾಂತಮ್ಮ ಭಾರಿ ಹೆಂಗಸು, ಎಂಬತ್ತು ದಾಟಿದೆ, ಊರುಗೋಲು. ಮೊರ ಹಿಡಿದ ಹುಡುಗಿಯನ್ನು ತಡೆದು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

“ತಲೆ ಸರಿ ಇಲ್ಲ ಅಂದ್ರಲ್ಲ, ಆ ಅಜ್ಜಿ ನೀವೇನಾ?”

“ತಲೆ ಸರಿಯಾಗೈತೆ. ಬಾಯಿ ಸರಿ ಇಲ್ಲ.”

“ಸೆರಗೆಲ್ಲಿ?”

ಹಿಂದಿನಿಂದ ಗಂಗಾಧರಯ್ಯ, “ಯಾರಾದ್ರೂ ಒಂದ್ ಶಾಲು ಹೊದಿಸ್ರಪ್ಪ” ಎಂದ.

ನಾನು ಬಗ್ಗಿ ಮುಂದಿನ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದೆ. ಒಳಗೆ ಪಾದದ ತನಕ ಒಳಲಂಗ ಇತ್ತು, ಯಾರ ಮರ್ಯಾದೆಯೂ ಹೋಗಲಿಲ್ಲ. ಅಷ್ಟಗಲ ಬಟ್ಟೆ ತೊಟ್ಟಿಲಿನ ಹಾಗೆ ತೆರೆದುಕೊಂಡಿತು.

“ಹಾಕಿ” ಎಂದೆ.

ಆಯಮ್ಮ ನಗಲಿಲ್ಲ. ಊರುಗೋಲನ್ನು ಯಾರಿಗೋ ಕೊಟ್ಟು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎಳೆದು ನೋಡಿದಳು. “ಕಾಯಿ ಕೆಳಗೆ ಬೀಳಬಾರ್ದು. ಗಟ್ಟಿಯಾಗಿ ಹಿಡ್ಕಳಿ” ಎಂದಳು. ಆಮೇಲೆ ಹಾಕಲು ಶುರುಮಾಡಿದಳು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಬಾಳೆಹಣ್ಣು, ತೆಂಗಿನಕಾಯಿ. ವ್ಯಾಪಾರಸ್ಥರ ಮನೆ, ಕೈ ದೊಡ್ಡದು, ಜಾಗ ಇದ್ದಷ್ಟೂ ಹಾಕಿದಳು. ಹಾಕಿ ಮುಗಿಯುವಷ್ಟರಲ್ಲಿ ನನ್ನ ಸೊಂಟದ ಹಿಂದೆ ಪರ್ ಎಂದಿತು.

ಟ್ರಂಕಿನ ಹಾಳು ನೂಲು. ಕುದಿಸಿದ್ದಕ್ಕೆ ಸತ್ತು ಹೋಗಿತ್ತು. ಆರತಿ ಮುಗಿಯುವ ತನಕ ಮಡಿಲಕ್ಕಿ ಕೆಳಗಿಡುವ ಹಾಗಿಲ್ಲ, ಎರಡು ಕೈಯೂ ಬಿಡುವ ಹಾಗಿಲ್ಲ. ನೆರಿಗೆ ಹಿಂದಿನಿಂದ ಇಳಿಯುವುದು ಗೊತ್ತಾಗುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಆಗ ಹಿಂದಿನಿಂದ ಒಂದು ಮುಷ್ಟಿ ಬಂದು ಸೊಂಟದ ಬಟ್ಟೆಯನ್ನು ಬಿಗಿಯಾಗಿ ಹಿಡಿಯಿತು.

“ಅಲ್ಲಾಡ್ಬ್ಯಾಡಿ ಅತ್ತೆ.” ಸೌಮ್ಯ.

“ನೀನು ನಿಸರ್ಗನ ಪಕ್ಕ ನಿಂತ್ಕಬೇಕು, ಹೋಗೇ.”

“ಅವಳ ಪಕ್ಕ ಅವರಪ್ಪ ಅವ್ರೆ. ನಿಮ್ ಸೊಂಟಕ್ಕೆ ಯಾರವ್ರೆ?”

ಫೋಟೋದವನು ಹುಡುಗಿಯ ತಾಯಿ ಮುಂದೆ ಬರಬೇಕು, ಮುಂದೆ ಬರಬೇಕು ಎಂದು ಕೂಗಿದ. ಅವಳು ಬರಲಿಲ್ಲ. ಆರತಿ ಮುಗಿಯಿತು, ಉಂಗುರ ಆಯಿತು, ನಾನು ಗುರುಶಾಂತಮ್ಮನ ಸೆರಗಿಗೆ ಮಡಿಲಕ್ಕಿ ಹಾಕಿದೆ. ಅಷ್ಟು ಹೊತ್ತೂ ಆ ಮುಷ್ಟಿ ಸಡಿಲವಾಗಲಿಲ್ಲ. ಎಲ್ಲ ಫೋಟೋದಲ್ಲೂ ಅವಳು ನನ್ನ ಹೆಗಲ ಹಿಂದೆ ಕತ್ತು ಚಾಚಿಕೊಂಡಿದ್ದಾಳಂತೆ. ಊಟಕ್ಕೆ ಕೂರುವಾಗ ಬಿಟ್ಟಳು. ಬೆರಳು ಬಿಡಿಸಲು ಬರದೆ ಇನ್ನೊಂದು ಕೈಯಿಂದ ಬಿಡಿಸಿಕೊಂಡಳು.

ಗಂಗಾಧರಯ್ಯ ಹೆಂಡತಿಯನ್ನು ಕರೆದುಕೊಂಡು ಊಟ ಮಾಡದೆ ಹೋದ. ಹೋಗಲಿ. ಜ್ಞಾನೇಶ ಇನ್ನೂ ಮಾತಾಡಿಲ್ಲ. ಅವನು ಯಾವಾಗ ಮಾತಾಡಿದರೂ ನಾನು ಸಿದ್ಧ.

ಮಾರ್ಚ್ ೧೦, ಸೋಮವಾರ

ಸೊಂಟ ಬಿಚ್ಚಿ ಹೊಸ ನೂಲಿನಲ್ಲಿ ಎರಡು ಸಾಲು ಹೊಲಿಗೆ ಹಾಕಿದೆ. ಇನ್ನು ಅದರ ಮೇಲೆ ಕೊಬ್ಬರಿ ಮೂಟೆ ಇಟ್ಟರೂ ಬಿಡುವುದಿಲ್ಲ.

ಮದುವೆ ಮೇ ತಿಂಗಳಲ್ಲಿ. ನನಗೆ ಹಸಿರು ಗೌನು. ಸೌಮ್ಯಳಿಗೂ ಒಂದು ಹೊಲಿದುಬಿಡೋಣ ಎಂದು ಟೇಪು ಹಿಡಿದು ಅಡುಗೆಮನೆಗೆ ಹೋಗಿ ಅವಳ ಹೆಗಲಿಗೆ ಹಾಕಿದೆ.

“ನಂಗ್ ಬ್ಯಾಡ ಅತ್ತೆ. ಮಗಳ ಮದ್ವೇಲಿ ನಾನು ರೇಷ್ಮೆ ಸೀರೆನೇ ಉಡದು. ನಂಗದೇ ಇಷ್ಟ.”

ಹೇಳುವುದಕ್ಕೆ ನನ್ನ ಬಾಯಲ್ಲಿ ಬೇಕಾದಷ್ಟಿತ್ತು. ಅವಳು ಒಲೆ ಮುಂದೆ ಹಾಗೇ ನಿಂತಿದ್ದಳು.

“ಆಯ್ತು. ರವಿಕೆಗೆ ತೋಳು ಎಷ್ಟುದ್ದ ಬುಡ್ಲಿ?” ಎಂದೆ.

ಮೊಣಕೈಗಿಂತ ಮೇಲೆ, ಗಿಡ್ಡ ತೋರಿಸಿದಳು. ನನ್ನ ಕಣ್ಣಿಗೆ ಇನ್ನೆರಡು ಬೆರಳು ಇಳಿದರೆ ಚೆನ್ನ. ಅವಳು ತೋರಿಸಿದಲ್ಲಿಗೇ ಗುರುತು ಹಾಕಿಕೊಂಡೆ. ತೋಳು ಗಿಡ್ಡವಾಯಿತು ಎಂದು ಯಾರಿಗಾದರೂ ಅನ್ನಿಸಿದರೆ ನನ್ನ ಮುಂದೆ ಬಂದು ಹೇಳಲಿ.